ಬಣ್ಣದ ಸಾಕ್ಷಿ

ನಮ್ಮ ತಾಯಿಯವರ ಭಾವಚಿತ್ರವೊಂದು ಮನೆಯ ಗೋಡೆಯ ಮೇಲಿದೆ, ಕಪ್ಪು ಬಿಳುಪಿನದು. ಮುಖದ ಸೌಮ್ಯತೆ, ಕೈಬಳೆ, ಸೆರಗಿನ ನಿರಿಗೆ ಎಲ್ಲವೂ ಅದರಲ್ಲಿ ಸ್ಫುಟವಾಗಿವೆ. ಆದರೆ ಅವರು ಅಂದು ಉಟ್ಟಿದ್ದ ಸೀರೆಯ ಬಣ್ಣ ಯಾವುದೆಂದು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ರೂಪವೇ ಸತ್ಯ, ಬಣ್ಣ ಬರಿಯ ಅಲಂಕಾರ ಎಂದು ವಾದಿಸುವವರನ್ನು ಕಂಡಾಗಲೆಲ್ಲ ನನಗೆ ಆ ಸೀರೆ ನೆನಪಾಗುತ್ತದೆ. ಅದರ ಬೆನ್ನಲ್ಲಿಯೇ ಅಮೆರಿಕಾ ದೇಶದ ಎಲಿಯಟ್ ಪೋರ್ಟರರ ನೆನಪೂ ಬರುತ್ತದೆ.

ಪೋರ್ಟರರು 1901ರಲ್ಲಿ ಇಲಿನಾಯ್ ಸಂಸ್ಥಾನದಲ್ಲಿ ಜನಿಸಿದರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮೊದಲು ರಸಾಯನ ಎಂಜಿನಿಯರಿಂಗನ್ನೂ ಅನಂತರ ವೈದ್ಯವನ್ನೂ ಕಲಿತು, ಅಲ್ಲಿಯೇ ಜೀವರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದರು. ಹಕ್ಕಿಗಳ ಛಾಯಾಚಿತ್ರ ತೆಗೆಯುವುದು ಬಾಲ್ಯದಿಂದ ಬಂದ ಹವ್ಯಾಸ. ನ್ಯೂಯಾರ್ಕಿನ ಸ್ಟೀಗ್ಲಿಟ್ಸರು ತಮ್ಮ ಚಿತ್ರಶಾಲೆಯಲ್ಲಿ ಇವರ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿದ ಮೇಲೆ, 1939ರಲ್ಲಿ, ನೆಲೆಯಾದ ಉದ್ಯೋಗವನ್ನು ತ್ಯಜಿಸಿಬಿಟ್ಟರು. ಹಕ್ಕಿಗಳ ಚಿತ್ರಗಳನ್ನು ನೋಡಿದ ಪ್ರಕಾಶಕರೊಬ್ಬರು, ಬಣ್ಣವಿಲ್ಲದೆ ಜಾತಿಯನ್ನು ಗುರುತಿಸುವುದು ಹೇಗೆಂದು ಆಕ್ಷೇಪಿಸಿದರು. ಆ ಮಾತು ಅವರಿಗೆ ನಾಟಿತು.

ಕಲೆಯೆಂದು ಛಾಯಾಗ್ರಹಣವನ್ನು ಆರಾಧಿಸುತ್ತಿದ್ದವರಿಗೆ ಬಣ್ಣವು ಆಗ ಜಾಹೀರಾತಿನ ಸರಕು. ಪೋರ್ಟರರು ಅದನ್ನು ಲೆಕ್ಕಿಸಲಿಲ್ಲ. ಒಂದು ಚಿತ್ರದಿಂದ ಮೂರು ಬಣ್ಣದ ಗಾಜುಗಳ ಮೂಲಕ ಮೂರು ಪ್ರತಿಗಳನ್ನು ಬೇರ್ಪಡಿಸಿ, ಒಂದೊಂದರಿಂದಲೂ ಒಂದೊಂದು ಅಚ್ಚನ್ನು ಮಾಡಿ, ಅವನ್ನು ಬೇರೆ ಬೇರೆ ವರ್ಣದ್ರವಗಳಲ್ಲಿ ಅದ್ದಿ, ಕೂದಲೆಳೆಯಷ್ಟೂ ತಪ್ಪದಂತೆ ಒಂದೇ ಕಾಗದದ ಮೇಲೆ ಒತ್ತುವ ಶ್ರಮದ ಕೆಲಸವನ್ನು ಸ್ವಹಸ್ತದಿಂದಲೇ ಮಾಡುತ್ತಿದ್ದರು. ಕಲಿತ ರಸಾಯನವಿದ್ಯೆ ವ್ಯರ್ಥವಾಗಲಿಲ್ಲ.

ಈ ಶ್ರಮದ ಬೆಲೆ ನನಗೆ ತಿಳಿದದ್ದು ಗ್ಲೆನ್ ಕಮರಿಯ ಚಿತ್ರಗಳಿಂದ. ಕೊಲರಾಡೋ ನದಿಯು ಮರಳುಗಲ್ಲನ್ನು ಕೊರೆದು ಮಾಡಿದ ಆ ಕಂದರದಲ್ಲಿ ಎದುರು ಗೋಡೆಯಿಂದ ಮರಳಿದ ಬಿಸಿಲು ನೆರಳನ್ನೂ ಕೆಂಪಾಗಿಸುತ್ತದೆ. ಒದ್ದೆಗಲ್ಲಿನ ಮೇಲೆ ಆಕಾಶದ ನೀಲಿ ಹೊಳೆಯುತ್ತದೆ. ಕಪ್ಪು ಬಿಳುಪಿನಲ್ಲಿ ಇದೆಲ್ಲ ಬೂದಿ. ಪೋರ್ಟರರ 'ಯಾರೂ ಅರಿಯದ ತಾಣ' ಎಂಬರ್ಥದ ಹೆಸರಿನ ಗ್ರಂಥವನ್ನು ಸಿಯೆರಾ ಕ್ಲಬ್ಬು 1963ರಲ್ಲಿ ಪ್ರಕಟಿಸಿತು. ಅಣೆಕಟ್ಟಿನ ಬಾಗಿಲು ಮುಚ್ಚಿ ನೀರು ಏರತೊಡಗಿದ್ದೂ ಅದೇ ವರ್ಷ. ಗ್ರಂಥವು ಕಮರಿಯನ್ನು ಉಳಿಸಲಿಲ್ಲ.

1979ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವು ಇವರ ವರ್ಣಚಿತ್ರಗಳಿಗೆ ಪ್ರತ್ಯೇಕ ಪ್ರದರ್ಶನದ ಗೌರವವನ್ನಿತ್ತಿತು. 1990ರಲ್ಲಿ ಪೋರ್ಟರರು ತೀರಿಕೊಂಡರು. 2022ರ ಹೊತ್ತಿಗೆ ದೀರ್ಘ ಕ್ಷಾಮದಿಂದ ಜಲಾಶಯವು ಬತ್ತಿ, ಮುಳುಗಿದ್ದ ಕೆಲವು ಕವಲುಕಮರಿಗಳು ಮತ್ತೆ ಬೆಳಕು ಕಂಡವು. ನೀರು ನಿಂತಿದ್ದ ಎತ್ತರದವರೆಗೆ ಬಂಡೆಗಳ ಮೇಲೆ ಬಿಳಿಯ ಲವಣದ ಲೇಪ. ಆ ಗೋಡೆಗಳು ಮೊದಲು ಯಾವ ಬಣ್ಣದವಾಗಿದ್ದುವೆಂದು ಕೇಳುವವರಿಗೆ, ಪೋರ್ಟರರ ಪುಟವನ್ನು ತೆರೆದು ತೋರಿಸಬಹುದು.

ನಮ್ಮ ಗೋಡೆಯ ಮೇಲಿನ ಚಿತ್ರಕ್ಕೆ ಆ ಭಾಗ್ಯವಿಲ್ಲ.