ಫಾರ್ಮ್ಯಾಟ್ ಆದ ಡಿಸ್ಕಿನ ಹಳೇ ಪಹಣಿ

ಮನೆಗೆ ಹೊಸ ಬಣ್ಣ ಬಳಿದ ಮಾತ್ರಕ್ಕೆ ಪಹಣಿಯಲ್ಲಿ ಹೆಸರು ಬದಲಾಗುವುದಿಲ್ಲ. ಹಾರ್ಡ್ ಡಿಸ್ಕಿನ ಕಥೆಯೂ ಹಾಗೇ.

ವಿಟ್ಲದಲ್ಲಿ ನನ್ನ ಸೋದರಮಾವನ ಫೋಟೋ ಸ್ಟುಡಿಯೋ ಇದೆ. ಅಲ್ಲಿನ ಹಳೇ ಕಂಪ್ಯೂಟರಿನಲ್ಲಿ ಎರಡು ಡಿಸ್ಕ್‌ಗಳನ್ನು ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ 1ರಲ್ಲಿ ಜೋಡಿಸಿದ್ದರು. ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಇರುತ್ತದೆ. ಕಂಪ್ಯೂಟರ್ ಕೆಟ್ಟ ಮೇಲೆ ಮಾವ ಒಂದು ಡಿಸ್ಕನ್ನು ವಿಂಡೋಸ್‌ನಲ್ಲಿ ಕ್ವಿಕ್ ಫಾರ್ಮ್ಯಾಟ್ ಮಾಡಿದರು, ಇನ್ನೊಂದನ್ನು ಕಪಾಟಿನಲ್ಲಿಟ್ಟರು. ಊರಿನ ಎಷ್ಟೋ ಮದುವೆಗಳ ಫೋಟೋ ಉಳಿದಿದ್ದು ಕಪಾಟಿನ ಡಿಸ್ಕಿನಲ್ಲಿ ಮಾತ್ರ.

ಖಾಲಿ ಡಿಸ್ಕನ್ನು ಹೊಸ ಲಿನಕ್ಸ್ ಯಂತ್ರಕ್ಕೆ ಹಾಕಿದರೆ, ಅದು ಎಂಡಿ127 ಅಂತ ಹೆಸರಿಟ್ಟುಕೊಂಡು ಎದ್ದು ಕೂತಿದೆ. ಬಳಸಲು ಹೋದರೆ ‘ಡಿವೈಸ್ ಬ್ಯುಸಿ’.

“ಎಂತ ಮಾರಾಯ ಇದು? ಫಾರ್ಮ್ಯಾಟ್ ಮಾಡಿದ್ದಲ್ವಾ?”

“ಮಾಡಿದ್ದು ಹೌದು ಮಾವ, ಆದರೆ ಗುರುತು ಹೋಗಲಿಲ್ಲ.”

ರೇಡ್ ತನ್ನ ಗುರುತನ್ನು ಡಿಸ್ಕಿನಲ್ಲೇ ಬರೆದಿಡುತ್ತದೆ. ಅದಕ್ಕೆ ಸೂಪರ್‌ಬ್ಲಾಕ್ ಎನ್ನುತ್ತಾರೆ. 1.2 ಮಾದರಿಯಲ್ಲಿ ಅದು ಆರಂಭದಿಂದ 4 ಕೆಬಿ ಒಳಗಿರುತ್ತದೆ, 0.90 ಮತ್ತು 1.0 ಮಾದರಿಗಳಲ್ಲಿ ಕೊನೆಯ ತುದಿಯಲ್ಲಿ. ಮಾವನದ್ದು 1.0. ಕ್ವಿಕ್ ಫಾರ್ಮ್ಯಾಟ್ ಆ ತುದಿಯನ್ನು ಮುಟ್ಟಿರಲಿಲ್ಲ. ಡಿಡಿ ಕಮಾಂಡಿನಿಂದ ಮೊದಲ ಕೆಲವು ಎಂಬಿ ಅಳಿಸಿದ್ದರೂ ಅದು ಉಳಿಯುತ್ತಿತ್ತು.

“ಹಾಗಾದ್ರೆ ಎರಡನ್ನೂ ಒಟ್ಟಿಗೆ ಹಾಕುವ, ಮೊದಲಿನ ಹಾಗೆ ಜೋಡಿ ಆಗ್ತದಲ್ಲ?” ಅಂದರು ಮಾವ. ಅಪಾಯ ಇರುವುದೇ ಇಲ್ಲಿ. ಒಳಗೆ ಫೋಟೋ ಇದೆಯೋ ಇಲ್ಲವೋ ಅಂತ ರೇಡ್ ನೋಡುವುದಿಲ್ಲ. ಸೂಪರ್‌ಬ್ಲಾಕಿನಲ್ಲಿರುವ ‘ಇವೆಂಟ್ ಕೌಂಟ್’ ಯಾವುದರಲ್ಲಿ ಹೆಚ್ಚೋ, ಅದೇ ಹೊಸ ಪ್ರತಿ ಎಂದು ನಂಬುತ್ತದೆ. ಖಾಲಿ ಡಿಸ್ಕ್ ಒಂಟಿಯಾಗಿ ಓಡಿದ್ದರಿಂದ ಅದರ ಲೆಕ್ಕವೇ ಮುಂದಿತ್ತು. ಕಪಾಟಿನ ಡಿಸ್ಕನ್ನು ಅದರ ಜೊತೆ ಸೇರಿಸಿದ್ದರೆ ಸಿಂಕ್ ಶುರುವಾಗಿ, ಖಾಲಿ ಪ್ರತಿಯೇ ಫೋಟೋಗಳ ಮೇಲೆ ಬರೆದುಕೊಳ್ಳುತ್ತಿತ್ತು.

ಹಾಗಾಗಿ ಖಾಲಿಯದನ್ನು ತೆಗೆದಿಟ್ಟು, ಕಪಾಟಿನ ಡಿಸ್ಕನ್ನು ಮಾತ್ರ ಹಾಕಿ, ರೀಡ್-ಓನ್ಲಿಯಾಗಿ ತೆರೆದೆವು. ಫೋಟೋಗಳೆಲ್ಲ ಬೇರೆ ಡ್ರೈವಿಗೆ ಕಾಪಿಯಾಗಿ, ನಾಲ್ಕಾರು ಆಲ್ಬಮ್ ತೆರೆದು ನೋಡಿದ ಮೇಲೆಯೇ ಆ ಡಿಸ್ಕನ್ನು ಬಿಚ್ಚಿದ್ದು. ಆಮೇಲೆ ಖಾಲಿಯದರ ಸರದಿ: ಎಂಡಿ127 ಅನ್ನು ‘ಸ್ಟಾಪ್’ ಮಾಡಿ, ಅದರ ಪಾರ್ಟಿಷನ್ ಮೇಲೆ ‘ಝೀರೋ-ಸೂಪರ್‌ಬ್ಲಾಕ್’ ಓಡಿಸಿದೆವು.

ನಿಮ್ಮ ಕೈಗೂ ಇಂಥ ಹಳೇ ಡಿಸ್ಕ್ ಸಿಕ್ಕರೆ, ಅಳಿಸುವ ಮೊದಲು ಎಂಡಿಆಡಮ್‌ನ ‘ಎಕ್ಸಾಮಿನ್’ ಓಡಿಸಿ. ವೈಪ್‌ಎಫ್‌ಎಸ್ ಕೂಡ ಯಾವ ಆಯ್ಕೆಯನ್ನೂ ಕೊಡದಿದ್ದರೆ ಗುರುತುಗಳನ್ನು ತೋರಿಸುತ್ತದೆ ಅಷ್ಟೇ, ಅಳಿಸುವುದಿಲ್ಲ. ಅದು ಯಾವ ಜೋಡಿಯದು, ಜೊತೆಗಾರ ಎಲ್ಲಿದೆ ಅಂತ ಮೊದಲು ಕೇಳಿ. ಫೋಟೋ ಯಾರ ಮನೆಯದ್ದೋ ಇರಬಹುದು.