ಒಪ್ಪಂದವೂ ಒಪ್ಪಿಗೆಯೂ

ರಾಷ್ಟ್ರಗಳ ನಡುವಣ ಒಪ್ಪಂದಕ್ಕೆ ಸಹಿ ಹಾಕುವವರು ಕೆಲವರು. ಅದನ್ನು ನಡೆಸಿಕೊಡಬೇಕಾದವರು ಕೋಟ್ಯಂತರ ಜನ. ಈ ಅಂತರವನ್ನು ಕುರಿತು ಚಿಂತಿಸುವಾಗಲೆಲ್ಲ ನನಗೆ ಸ್ವಿಟ್ಜರ್ಲೆಂಡಿನ ಎರಡು ಜನಮತಗಣನೆಗಳು ನೆನಪಾಗುತ್ತವೆ.

ಭೂಮಿಯ ತಾಪವನ್ನು ಮಿತಿಯಲ್ಲಿರಿಸಲು 2015ರಲ್ಲಿ ಏರ್ಪಟ್ಟ ಪ್ಯಾರಿಸ್ ಒಪ್ಪಂದವನ್ನು ಆ ದೇಶ 2017ರಲ್ಲಿ ಅನುಮೋದಿಸಿತು. ಅದರ ಪಾಲನೆಗೆಂದು ಸಂಸತ್ತು ರಚಿಸಿದ ಕಾಯಿದೆ 2021ರ ಜೂನ್‌ನಲ್ಲಿ ಮತದಾರರ ಮುಂದೆ ಬಂದಿತು. ಇಂಧನದ ಬೆಲೆ ಏರುವುದಿತ್ತು. ವಿಮಾನ ಪ್ರಯಾಣಕ್ಕೆ ತೆರಿಗೆ ಬೀಳುವುದಿತ್ತು. ಅದರ ಒಂದು ಪಾಲು ಜನರಿಗೇ ಮರಳುವುದೆಂದರೂ ಶೇಕಡಾ 51.6ರಷ್ಟು ಮಂದಿ ಬೇಡವೆಂದರು.

2023ರ ಜೂನ್‌ನಲ್ಲಿ ಮತ್ತೊಂದು ಕಾಯಿದೆ ಬಂದಿತು. 2050ರ ವೇಳೆಗೆ ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕಿಳಿಸುವುದು ಅದರ ಗುರಿ. ಹೊಸ ತೆರಿಗೆ ಇರಲಿಲ್ಲ. ಎಣ್ಣೆ, ಅನಿಲಗಳಿಂದ ಮನೆ ಕಾಯಿಸುವವರು ಆ ವ್ಯವಸ್ಥೆಯನ್ನು ಬದಲಿಸಿಕೊಳ್ಳಲು ಹತ್ತು ವರ್ಷಗಳಲ್ಲಿ 200 ಕೋಟಿ ಫ್ರಾಂಕ್‌ಗಳ ನೆರವಿತ್ತು. ಶೇಕಡಾ 59.1ರಷ್ಟು ಮಂದಿ ಒಪ್ಪಿದರು.

ಎರಡೇ ವರ್ಷಗಳಲ್ಲಿ ಜನರ ಸ್ವಭಾವ ಬದಲಾಯಿತೆ? ಹಾಗೆಂದು ನಾನು ಭಾವಿಸುವುದಿಲ್ಲ. 2022ರ ಉಕ್ರೇನ್ ಯುದ್ಧದಿಂದ ಆಮದು ಇಂಧನದ ಅಪಾಯ ತಿಳಿದಿತ್ತು; ಹೊರೆಯ ರೂಪವೂ ಬದಲಾಗಿತ್ತು. ಒಳ್ಳೆಯ ಗುರಿಯೊಂದೇ ಸಾಲದು, ಅದರ ಭಾರ ಯಾರ ಹೆಗಲಿಗೆ ಬೀಳುವುದೆಂಬುದನ್ನೂ ಆಳುವವರು ಅಳೆಯಬೇಕು.

ಆದರೆ ನನ್ನ ಮನಸ್ಸನ್ನು ಕಾಡುವ ಮಾತು ಬೇರೊಂದಿದೆ. ನೆರವಿನ ಹಣವೂ ಜನರದೇ; ಕಣ್ಣಿಗೆ ಕಾಣದ ಹೊರೆಯನ್ನು ಮಾತ್ರ ಹೊರುವೆವೆಂಬುದು ತ್ಯಾಗವಾಗಲಾರದು. ಮೇಲಾಗಿ, ಏರುವ ಕಡಲಿನ ಅಂಚಿನಲ್ಲಿರುವ ದ್ವೀಪವಾಸಿಗೂ ಮುಂದೆ ಹುಟ್ಟಲಿರುವ ಮಗುವಿಗೂ ಆ ಮತಪೆಟ್ಟಿಗೆಯಲ್ಲಿ ಸ್ಥಾನವಿಲ್ಲ. ಮತ ನೀಡುವ ಕೈ ಅವರ ಪಾಲಿನದನ್ನೂ ನೀಡುತ್ತಿದೆಯೆಂಬ ಅರಿವು ಮೂಡದೆ, ಜನಾಭಿಪ್ರಾಯವು ಬಹುಮತವಾದೀತೇ ಹೊರತು ನ್ಯಾಯವಾಗದು.