ಮೂಡ್ಲಾಗಡೆ ಹೋಗಿ, ತೆಂಕ್ಲಾಗಡೆ ತಿರುಗಿ

ಶಿರಾ ಕಡೆಯಿಂದ ರೊಳ್ಳಕ್ಕೆ ಹೋಗುವವರಿಗೆ ಗಡಿ ದಾಟಿದ್ದು ಬೋರ್ಡಿನ ತೆಲುಗು ಅಕ್ಷರಗಳಿಂದಲೇ ತಿಳಿಯಬೇಕು. ಅದೇ ರಾಗಿ ಹೊಲ, ಅದೇ ಹುಣಸೆಮರ, ಅದೇ ಮಾತು. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ಮಡಕಶಿರಾ ಸೀಮೆ ಆಂಧ್ರದಲ್ಲೇ ಉಳಿಯಿತು. ಅನಂತಪುರ ಜಿಲ್ಲೆಗೆ ಸೇರಿದ್ದ ರೊಳ್ಳ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಎಷ್ಟೋ ಮನೆಗಳಲ್ಲಿ ಆಡುವ ಮಾತು ಇಂದಿಗೂ ಕನ್ನಡವೇ.

ಊರಾಚೆ ಒಬ್ಬ ಅಜ್ಜನನ್ನು ದಾರಿ ಕೇಳಿದೆ.

“ಆ ಹುಣಸೆಮರದಿಂದ ಮೂಡ್ಲಾಗಡೆ ಹೋಗಿ. ಬಾವಿ ಸಿಗ್ತೈತೆ. ಅಲ್ಲಿ ತೆಂಕ್ಲಾಗಡೆ ತಿರುಗಿ.”

“ಎಡಕ್ಕೋ ಬಲಕ್ಕೋ, ಅಜ್ಜ?”

“ನೀವು ಯಾವ ಕಡೆ ಮುಖ ಮಾಡ್ಕೊಂಡಿರ್ತೀರೋ ನನಗೇನು ಗೊತ್ತು ಸ್ವಾಮಿ?”

ನನ್ನಲ್ಲಿ ಉತ್ತರವಿರಲಿಲ್ಲ. ಸೂರ್ಯ ಮೂಡುವ ಕಡೆ ಮೂಡಲ, ಪಡುವ ಕಡೆ ಪಡುವಲ. ಬಯಲಿನಲ್ಲಿ ದುಡಿದವರ ತಲೆಯೊಳಗೆ ಸೂರ್ಯ ಸದಾ ಇರುತ್ತಾನೆ. ಫ್ಲ್ಯಾಟಿನಲ್ಲಿ ವಾಸಿಸುವ ನನಗೆ ನನ್ನೆರಡು ಕೈಗಳೇ ದಿಕ್ಕು. ಆಸ್ಟ್ರೇಲಿಯದ ಉತ್ತರ ಕ್ವೀನ್ಸ್‌ಲೆಂಡಿನಲ್ಲಿ ಗೂಗು ಯಿಮಿಥಿರ್ ಭಾಷೆಯ ಹಿರಿಯರು ಪಕ್ಕದಲ್ಲಿ ಕುಳಿತವರನ್ನೂ ದಿಕ್ಕಿನಿಂದಲೇ ಗುರುತಿಸುತ್ತಿದ್ದರು. ಅವರನ್ನು ಅಭ್ಯಾಸ ಮಾಡಿದ ಸ್ಟೀಫನ್ ಲೆವಿನ್ಸನ್ ಎಂಬ ವಿದ್ವಾಂಸರು, ಎಲ್ಲಿಗೆ ಕರೆದೊಯ್ದರೂ ಅವರಿಗೆ ಹೆಚ್ಚುಕಡಿಮೆ ದಿಕ್ಕು ತಪ್ಪುವುದಿಲ್ಲವೆಂದು ಕಂಡುಕೊಂಡರು. ಆಡುವ ಮಾತು ಯೋಚನೆಗೂ ದಾರಿ ಹಾಕಿಕೊಡುತ್ತದೆ ಎಂದಾಯಿತು.

ಅಜ್ಜ ತಾವೇ ಜೊತೆಗೆ ಬಂದರು. ಬಾವಿಯ ಹಗ್ಗವನ್ನು ಮಾರಿನಲ್ಲಿ ಅಳೆದು ತೋರಿಸಿದರು. ಚಾಚಿದ ಎರಡು ತೋಳು ಒಂದು ಮಾರು. ತೆಲುಗಿನಲ್ಲಿ ಅದು ಬಾರ. ನಮ್ಮ ಮೊಳ ಅವರಿಗೆ ಮೂರ, ನಮ್ಮ ಗೇಣು ಅವರಿಗೆ ಜಾನ. ಹೆಸರು ಬದಲಾದರೂ ಅಳೆಯುವುದು ಅದೇ ಮೈ.

ಮನೆಯ ಜಗಲಿಯಲ್ಲಿ ಮೊಮ್ಮಗಳು ಲೆಕ್ಕ ಮಾಡುತ್ತಿದ್ದಳು. ಪುಸ್ತಕದ ಲೆಕ್ಕವನ್ನು ತೆಲುಗಿನಲ್ಲಿ ಗಟ್ಟಿಯಾಗಿ ಓದಿದಳು. ಆಮೇಲೆ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡಾಡಿತು, ಜಪಸರ ಮರೆತ ದಿನ ನಾವು ಎಣಿಸುವಂತೆ. ತುಟಿ ಮಾತ್ರ “ಹತ್ತು, ಹನ್ನೊಂದು, ಹನ್ನೆರಡು” ಎನ್ನುತ್ತಿತ್ತು.

ಆ ಸೀಮೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ಆದರೆ ಮುಂದಿನ ಓದು, ನೌಕರಿ ಎಲ್ಲಾ ತೆಲುಗಿನಲ್ಲಿ ಎಂಬುದು ಅಪ್ಪನ ವಾದ. ಮನೆಯಲ್ಲಿ ಎಣಿಸುವುದು ಒಂದು, ಶಾಲೆಯಲ್ಲಿ ಬರೆಯುವುದು ಇನ್ನೊಂದು, ಮಗು ಎಷ್ಟು ಅಂತ ಹೊರಬೇಕು ಎಂಬುದು ಅಮ್ಮನ ಸಂಕಟ. ಇಬ್ಬರ ಮಾತೂ ನನಗೆ ಸರಿಯೆನಿಸಿತು. ಅದೇ ಕಷ್ಟ.

ಹೊರಡುವಾಗ ಬಸ್ಸು ನಿಲ್ಲುವ ಜಾಗ ಕೇಳಿದೆ. “ಲೆಫ್ಟ್‌ಗೆ ಹೋಗಿ ಅಂಕಲ್” ಎಂದಳು ಹುಡುಗಿ.

“ಪಡುವ್ಲಾಗಡೆ ಅನ್ನವ್ವ” ಎಂದರು ಅಜ್ಜ, ಒಳಗಿನಿಂದ.